ಮಾಸದ ಬೆಡ್‌ಶೀಟುಗಳು

ಸರ್ಕಾರಿ ಗೆಸ್ಟ್ ಹೌಸಿನಲ್ಲಿ ಬಟ್ಟೆ ಒಗೆಯುವ ಹೆಂಗಸನ್ನು ಬೀದಿಯವರೆಲ್ಲ ಬಿಳಿಯಕ್ಕ ಎನ್ನುತ್ತಿದ್ದರು. ಮೈಬಣ್ಣಕ್ಕಲ್ಲ ಬಿಡಿ, ಆಕೆ ಒಗೆದು ಹಾಕಿದ ಬೆಡ್‌ಶೀಟು ಅಷ್ಟು ಬೆಳ್ಳಗಿರುತ್ತಿತ್ತು. ಗಂಡ ಸೊಂಟ ಮುರಿದುಕೊಂಡು ಮೂಲೆ ಸೇರಿದ ಮೇಲೆ ಮನೆಯ ಒಲೆ ಉರಿಯುತ್ತಿದ್ದುದು ಅವಳ ರಟ್ಟೆಯ ಬಲದಿಂದಲೇ. ಆದರೆ ಕೆಲಸ ಕಾಯಂ ಆಗಿರಲಿಲ್ಲ. ಮ್ಯಾನೇಜರು ಬೇಡ ಎಂದರೆ ಮರುದಿನವೇ ಮನೆಗೆ.

ಆ ಮ್ಯಾನೇಜರು ಒಂದು ದಿನ, ಒಗೆದು ಮಡಿಸಿಟ್ಟ ಬೆಡ್‌ಶೀಟುಗಳನ್ನೇ ತಂದು ಅವಳ ಮುಂದೆ ಹಾಕಿದ.

"ಇವನ್ನ ಒಗ್ದು ರಸ್ತೆ ಕಡೆ ಹಗ್ಗಕ್ಕೆ ಹಾಕು."

"ಅಯ್ಯೋ, ಇದ್ರ ಮೇಲೆ ಯಾರೂ ಮಲಗೇ ಇಲ್ವಲ್ಲ ಸಾರ್!"

"ಮಲಗಿದ್ರು ಅಂತ ತಿಳ್ಕೋ. ಸಾಹೇಬ್ರು ಟೂರಲ್ಲಿದಾರೆ, ಇಲ್ಲೇ ತಂಗಿದಾರೆ. ನಾಲ್ಕು ಜನ ನೋಡ್ಲಿ. ನಿನ್ನ ಕಾಯಂ ಮಾಡ್ಸೋ ಜವಾಬ್ದಾರಿ ನಂದು."

ಸಾಹೇಬರುಗಳು ತಮ್ಮ ಮನೆಯಲ್ಲೇ ಬೆಚ್ಚಗೆ ಹೊದ್ದು ಮಲಗಿ, ಇಲ್ಲಿ ತಂಗಿದೆವೆಂದು ಪ್ರವಾಸ ಭತ್ಯೆ ಎತ್ತುತ್ತಿದ್ದರು. ಬಿಳಿಯಕ್ಕನಿಗೆ ಇದು ತಿಳಿಯದೇನಲ್ಲ. ತಲೆ ಮೇಲೆ ಮೆಣಸು ಅರೆಯುವವರ ಮುಂದೆ ಬಡವಿ ಏನೆಂದು ಬಾಯಿ ಬಿಟ್ಟಾಳು? ತೆಪ್ಪಗೆ ಒಗೆದಳು. ಮಾಸದ ಬಟ್ಟೆ ಒಗೆದೊಗೆದು ಬೆರಳು ಬಿರಿದವು, ಬಟ್ಟೆಯೂ ಜಾಳಾಯಿತು.

ಕೊನೆಗೆ ಯಾರೋ ದೂರು ಕೊಟ್ಟು, ತನಿಖೆಗೆ ಹಿರಿಯ ಅಧಿಕಾರಿಣಿಯೊಬ್ಬರು ಬಂದರು. ಗೆಸ್ಟ್ ಹೌಸಿನ ಅಂಗಳದಲ್ಲೇ ಬೀದಿಯವರನ್ನೆಲ್ಲ ಕೂರಿಸಿ ಕೇಳಿದರು: "ಸಾಹೇಬ್ರುಗಳು ನಿಜವಾಗ್ಲೂ ಇಲ್ಲಿ ತಂಗ್ತಿದ್ರಾ?"

ಎಲ್ಲರಿಗಿಂತ ಮೊದಲು ಎದ್ದವಳು ಪಕ್ಕದ ಮನೆಯ ಟೈಲರಮ್ಮ, ಬಿಳಿಯಕ್ಕನ ಜೀವದ ಗೆಳತಿ.

"ಸುಳ್ಳು ಯಾಕೆ ಹೇಳ್ಲಿ ತಾಯಿ, ತಂಗ್ತಿದ್ರು. ದಿನಾ ಹಗ್ಗದ ತುಂಬ ಬೆಡ್‌ಶೀಟು. ನಾನೇ ಕಣ್ಣಾರೆ ನೋಡಿದೀನಿ."

ಬೀದಿಗೆ ಬೀದಿಯೇ ಹೌದೆಂದು ತಲೆಯಾಡಿಸಿತು. ಮ್ಯಾನೇಜರು ಮೀಸೆಯಲ್ಲೇ ನಕ್ಕ.

ಬಿಳಿಯಕ್ಕ ತಲೆಯಾಡಿಸುವವರ ಮುಖಗಳನ್ನೇ ಒಂದೊಂದಾಗಿ ನೋಡಿದಳು. ಥೂ, ತನ್ನ ಕೈಕೆಲಸವೇ ಇಷ್ಟು ಜನ ಒಳ್ಳೆಯವರ ಬಾಯಲ್ಲಿ ಸುಳ್ಳಾಡಿಸಿತಲ್ಲ! ಸುಮ್ಮನಿದ್ದರೆ ಕೆಲಸ ಉಳಿಯುತ್ತದೆ, ಗಂಡನ ಔಷಧಿಗೂ ತೊಂದರೆಯಿಲ್ಲ. ಆದರೂ ಎದ್ದು ನಿಂತಳು.

"ಅವ್ಳು ಬೆಡ್‌ಶೀಟು ನೋಡಿದ್ದು ನಿಜ ಅಮ್ಮಾ. ಆದ್ರೆ ಯಾರೂ ಮಲಗ್ತಿರ್ಲಿಲ್ಲ. ಒಗ್ದಿದ್ದನ್ನೇ ಒಗೀತಿದ್ದೆ."

ಮ್ಯಾನೇಜರ ಮುಖ ಕಪ್ಪಿಟ್ಟಿತು. ನಾಳೆಯಿಂದ ಬರಬೇಡ ಎಂದೇಬಿಡುತ್ತಾನೆಂದು ಅವಳು ಅವನತ್ತಲೇ ನೋಡುತ್ತಿದ್ದಳು. ಮಾತು ಬಂದದ್ದು ಟೈಲರಮ್ಮನಿಂದ.

"ಒಗ್ದಿದ್ದನ್ನೇ ಒಗೀತಿದ್ಯಾ?" ಅವಳ ದನಿ ಒಡೆದಿತ್ತು. "ಬೀದಿ ನಲ್ಲೀಲಿ ನೀರು ನಿಂತಾಗ ಇಲ್ಲಿಗೇ ಬಂದು, ಬಾಣಂತಿ ಮಗಳಿಗೆ ಅಂತ ಒಂದೇ ಒಂದು ಕೊಡ ನೀರು ಕೇಳಿದ್ನಲ್ಲೇ. ಸಾಹೇಬ್ರ ಬಟ್ಟೆಗೇ ಸಾಲಲ್ಲ ಅಂತ ಬರಿಗೈಲಿ ಕಳಿಸಿದ್ಯಲ್ಲೇ ಅಕ್ಕಾ!"