ಅಜೀಜಾ ಹೆಸರಿನಲ್ಲೂ ಓಡಬೇಕು

ದಸ್ತಗಿರ್ ತೀರಿಕೊಂಡ. ಹೋದ ಶುಕ್ರವಾರ ಬೆಳಗಿನ ಜಾವ, ಚಿಂತಾಮಣಿಯ ತನ್ನ ಮನೆಯಲ್ಲಿ, ನಿದ್ದೆಯಲ್ಲೇ. ಹೃದಯ ನಿಂತಿತು ಎಂದರು ಡಾಕ್ಟರು. ಐವತ್ತು ತುಂಬಿರಲಿಲ್ಲ. ಹಿಂದಿನ ದಿನ ನಾನು ಅವನ ಜೊತೆ ಶಿಡ್ಲಘಟ್ಟಕ್ಕೆ ಹೋಗಿದ್ದೆ. ಬರುವಾಗ ಬಸ್ಸಿನಲ್ಲಿ ತೂಕಡಿಸಿದ, ಮನೆಗೆ ಹೋಗಿ ಉಂಡು ಮಲಗಿದನಂತೆ. ಹಾಗಾಗಿ ಶಿಡ್ಲಘಟ್ಟದಲ್ಲಿ ಮಾಡಿದ್ದೇ ಅವನ ಕೊನೆಯ ಕೆಲಸ.

ನಾನು ಅವನನ್ನು ಮೊದಲು ಕಂಡದ್ದು ಎಂಬತ್ತರ ದಶಕದ ಆರಂಭದಲ್ಲಿ, ಚಿಂತಾಮಣಿಯ ಒಂದು ಪ್ರೆಸ್ಸಿನಲ್ಲಿ. ಅಚ್ಚಿನ ಮೊಳೆ ಜೋಡಿಸುವ ಕೆಲಸ ಅವನದು. ನಮ್ಮ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ತೆಲುಗು ಬಾಯ್ತುಂಬ ಬರುತ್ತದೆ, ಬರೆಯಲು ಕೂತರೆ ಕೈಗೆ ಕನ್ನಡ ಅಕ್ಷರವೇ ಬರುತ್ತದೆ. ಮದನಪಲ್ಲಿಯ ನೆಂಟರಿಗೆ ಕೊಡುವ ಲಗ್ನಪತ್ರಿಕೆ ಮಾತ್ರ ತೆಲುಗು ಅಕ್ಷರದಲ್ಲೇ ಇರಬೇಕು. ಆದ್ದರಿಂದ ಗಿರಾಕಿಗಳು ತೆಲುಗು ಮಾತನ್ನು ಕನ್ನಡ ಅಕ್ಷರದಲ್ಲಿ ಗೀಚಿ ತರುತ್ತಿದ್ದರು. ದಸ್ತಗಿರ್ ಕಣ್ಣು ಆ ಚೀಟಿಯ ಮೇಲಿರುತ್ತಿತ್ತು, ಕೈ ತಾನಾಗಿ ತೆಲುಗು ಮೊಳೆಗಳ ಕಡೆ ಹೋಗುತ್ತಿತ್ತು. ಎರಡೂ ಅಕ್ಷರ ಒಂದೇ ಮನೆಯವು ಕಣೋ, ತಲೆ ಬಾಚಿಕೊಳ್ಳೋದು ಮಾತ್ರ ಬೇರೆ ಎನ್ನುತ್ತಿದ್ದ.

ಕಂಪ್ಯೂಟರ್ ಬಂದ ಮೇಲೆ ಮಾಲೀಕರು ಮೊಳೆಗಳನ್ನು ತೂಕಕ್ಕೆ ಹಾಕಿದರು. ದಸ್ತಗಿರ್ ಅದಕ್ಕೆ ಕೊರಗಲಿಲ್ಲ. ಒಂದು ಹಳೆಯ ಯಂತ್ರ ಕೊಂಡ, ಅವೆನ್ಯೂ ರಸ್ತೆಯಿಂದ ಪುಸ್ತಕ ತಂದ, ಓದಿ ಓದಿ ಪ್ರೋಗ್ರಾಂ ಬರೆಯುವುದನ್ನು ಕಲಿತ. ತನ್ನ ಕೈ ಮಾಡುತ್ತಿದ್ದ ಕೆಲಸವನ್ನೇ ಯಂತ್ರಕ್ಕೆ ಕಲಿಸಿದ. ಕನ್ನಡ ಅಕ್ಷರದಲ್ಲಿ ಟೈಪ್ ಮಾಡಿದ್ದು ಪಕ್ಕದಲ್ಲಿ ತೆಲುಗು ಅಕ್ಷರವಾಗಿ ಏಳುತ್ತಿತ್ತು. ಅದಕ್ಕೆ ‘ಅಕ್ಕಪಕ್ಕ’ ಎಂದು ಹೆಸರಿಟ್ಟ. ತೆಲುಗು ಅಕ್ಷರಗಳೂ ಉಳಿದ ಸಾಮಾನೂ ಎಲ್ಲವನ್ನೂ ಒಂದೇ ಪ್ರೋಗ್ರಾಂ ಒಳಗೆ ಗಂಟು ಕಟ್ಟಿ, ಒಂದು ಫ್ಲಾಪಿಯಲ್ಲಿ ಹಿಡಿಸಿದ. ಫ್ಲಾಪಿ ಹಾಕಿ ಒತ್ತಿದರೆ ಸಾಕು, ಓಡುತ್ತಿತ್ತು.

ಶಿಡ್ಲಘಟ್ಟದಲ್ಲಿ ಖಲೀಮುಲ್ಲಾ ಅವರ ಪ್ರೆಸ್ಸಿದೆ. ಅಲ್ಲಿ ಟೈಪ್ ಮಾಡುವವಳು ಅಜೀಜಾ. ಉರ್ದು, ಕನ್ನಡ ಎರಡರಲ್ಲೂ ಚುರುಕು, ತೆಲುಗು ಗೊತ್ತಿಲ್ಲ. ಗೌರಿಬಿದನೂರಿನ ಕಡೆಯಿಂದಲೂ ತೆಲುಗು ಲಗ್ನಪತ್ರಿಕೆಗಳು ಬರತೊಡಗಿದಾಗ, ಹಿಂದೂಪುರದಿಂದ ತೆಲುಗು ಬಲ್ಲ ಒಬ್ಬನನ್ನು ಕರೆಸುತ್ತೇನೆ, ಇಬ್ಬರನ್ನು ಇಟ್ಟುಕೊಳ್ಳುವ ಶಕ್ತಿ ನನಗಿಲ್ಲ ಎಂದರು ಖಲೀಮುಲ್ಲಾ. ಅಜೀಜಾಳ ಮನೆ ನಡೆಯುತ್ತಿದ್ದದ್ದೇ ಅವಳ ದುಡಿಮೆಯಿಂದ. ದಸ್ತಗಿರ್ ಸುದ್ದಿ ಕೇಳಿ ಫ್ಲಾಪಿ ಹಿಡಿದುಕೊಂಡು ಹೊರಟ.

ಖಲೀಮುಲ್ಲಾ ಎದುರು ಕೂತಿದ್ದರು, ಪ್ರೋಗ್ರಾಂ ಸೊಗಸಾಗಿ ಓಡಿತು. ಚಹಾ ಕುಡಿದು ಬಂದ. ಮಾರನೆಯ ಬೆಳಿಗ್ಗೆ ಅಜೀಜಾ ಬೂತಿನಿಂದ ಫೋನ್ ಮಾಡಿದಳು. ಓಡುತ್ತಿಲ್ಲ, ಪರ್ಮಿಷನ್ ಇಲ್ಲ ಅನ್ನುತ್ತೆ. ಮತ್ತೆ ಹೋದ, ಖಲೀಮುಲ್ಲಾ ಯಂತ್ರ ತೆರೆದುಕೊಟ್ಟರು, ಓಡಿತು. ಇವನು ಊರು ಸೇರುವಷ್ಟರಲ್ಲಿ ಮತ್ತೆ ನಿಂತಿತು.

“ನಿನ್ನ ಪ್ರೋಗ್ರಾಂ ಮುಖ ನೋಡಿ ಮಣೆ ಹಾಕುತ್ತೆ ಕಣಯ್ಯ,” ಎಂದು ಖಲೀಮುಲ್ಲಾ ನಕ್ಕರಂತೆ.

ನಗೆಮಾತಾದರೂ ಅದೇ ನಿಜವಾಗಿತ್ತು. ಆ ಪ್ರೆಸ್ಸಿನ ಯಂತ್ರ ಎನ್.ಟಿ. ಎಂಬ ಹೊಸ ವಿಂಡೋಸಿನದು. ಕೂತವರು ಯಾರು ಎಂದು ಕೇಳಿಯೇ ಒಳಗೆ ಬಿಡುತ್ತದೆ. ಯಜಮಾನರ ಹೆಸರಿಗೆ ಎಲ್ಲ ಅಧಿಕಾರ, ಕೆಲಸದವರ ಹೆಸರಿಗೆ ಇಷ್ಟೇ ಎಂಬ ಗೆರೆ. ಹಿಂದೆ ಇದ್ದವನೊಬ್ಬ ಏನೋ ಅಳಿಸಲು ಹೋಗಿ ಯಂತ್ರವನ್ನೇ ಮಲಗಿಸಿದ್ದರಿಂದ ಖಲೀಮುಲ್ಲಾ ಆ ಗೆರೆ ಎಳೆಸಿದ್ದರು. ಇವನ ಗಂಟು ಬಿಚ್ಚಿಕೊಂಡಾಗಲೆಲ್ಲ ತೆಲುಗು ಅಕ್ಷರಗಳು ವಿಂಡೋಸಿನ ಸ್ವಂತ ಜಾಗಕ್ಕೆ ಹೋಗಿ ಕೂರಲು ನೋಡುತ್ತಿದ್ದವು. ಯಜಮಾನರ ಹೆಸರಿನಲ್ಲಿ ಆಗುತ್ತಿತ್ತು, ಅಜೀಜಾ ಹೆಸರಿನಲ್ಲಿ ಬಾಗಿಲಲ್ಲೇ ತಡೆ. ದಸ್ತಗಿರ್ ಮನೆಯ ಹಳೆಯ ಯಂತ್ರ ನೀನು ಯಾರು ಎಂದು ಯಾರನ್ನೂ ಕೇಳುತ್ತಿರಲಿಲ್ಲ, ಅವನಿಗೆ ಹೇಗೆ ತಿಳಿಯಬೇಕು?

ಯಜಮಾನರ ಪಾಸ್‌ವರ್ಡನ್ನೇ ಅವಳಿಗೆ ಕೊಡಿಸಿಬಿಡು ಎಂದು ದಸ್ತಗಿರ್‌ಗೆ ಹೇಳಿದೆ ನಾನು. ಖಲೀಮುಲ್ಲಾಗೆ ಮನಸ್ಸಿರಲಿಲ್ಲ. ಅಜೀಜಾಗೂ ಇರಲಿಲ್ಲ, ಯಂತ್ರ ಕೆಟ್ಟರೆ ಮೊದಲು ನನ್ನ ಕಡೆ ನೋಡ್ತಾರೆ ಎಂದಳಂತೆ. ಖಲೀಮುಲ್ಲಾ ಬೆಳಿಗ್ಗೆಯೆಲ್ಲ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿರುವವರು, ಗಿರಾಕಿಗಳು ಬರುವುದು ಆಗಲೇ. ಅವಳ ಹೆಸರಿನಲ್ಲೇ ಓಡದಿದ್ದರೆ ಹಿಂದೂಪುರದವನು ಬಂದ ಹಾಗೆಯೇ.

ದಸ್ತಗಿರ್ ಗಂಟು ಬಿಚ್ಚುವ ಜಾಗವನ್ನೇ ಬದಲಿಸಿದ. ಅಕ್ಷರಗಳು ಅಜೀಜಾಗೆ ಬಿಟ್ಟುಕೊಟ್ಟ ಜಾಗದಲ್ಲೇ ಇಳಿಯಬೇಕು, ಪ್ರೋಗ್ರಾಂ ಓಡುವಷ್ಟು ಹೊತ್ತು ಮಾತ್ರ ವಿಂಡೋಸಿಗೆ ಕಡ ಸಿಗಬೇಕು, ಮುಚ್ಚಿದಾಗ ವಾಪಸು ಬರಬೇಕು. ಆ ದಿನಗಳಲ್ಲಿ ಅವನಷ್ಟು ಹಾಯಾಗಿದ್ದವರನ್ನು ನಾನು ಕಾಣೆ. ದಾರಿಯಲ್ಲಿ ಸಿಕ್ಕರೆ ಮನೆಯವರ ಕ್ಷೇಮ ಕೇಳುವುದನ್ನೂ ಮರೆತು ಇದನ್ನೇ ಹೇಳುತ್ತಿದ್ದ. ಪರೀಕ್ಷಿಸಲು ಚಿಕ್ಕಬಳ್ಳಾಪುರದ ಒಂದು ಕಂಪ್ಯೂಟರ್ ತರಬೇತಿ ಶಾಲೆಗೆ ಹೋದ. ಏನೂ ಅಧಿಕಾರವಿಲ್ಲದ ಒಂದು ಹೆಸರು ಮಾಡಿಕೊಡಿ ಎಂದು ಅಲ್ಲಿನ ಲಕ್ಷ್ಮಿದೇವಮ್ಮನವರನ್ನು ಕೇಳಿದ.

“ಬಂದೋರೆಲ್ಲ ಅಧಿಕಾರ ಜಾಸ್ತಿ ಮಾಡಿ ಅಂತಾರೆ. ನೀವೊಬ್ರೇ ಕಣ್ರೀ ಕಿತ್ಕೊಳ್ಳಿ ಅಂದಿದ್ದು,” ಎಂದರಂತೆ ಅವರು. ಇದನ್ನು ಹೇಳಿ ಅವನು ಬಹಳ ನಗುತ್ತಿದ್ದ.

ಗುರುವಾರ ಪ್ರೆಸ್ಸಿಗೆ ಹೋದೆವು. ಅವರವರಲ್ಲಿ ಆಡುವುದು ಉರ್ದು, ಅಂದು ನಾನಿದ್ದೆನೆಂದು ಕನ್ನಡ ಆಡಿದರು. ಹಳೆಯ ಪ್ರೋಗ್ರಾಂ ಬಿಟ್ಟುಹೋದ ಚೂರುಗಳನ್ನು ಮೊದಲು ತೆಗೆಯಬೇಕು, ಇಲ್ಲದಿದ್ದರೆ ಹೊಸದು ಅವುಗಳ ಬಲದಲ್ಲೇ ಓಡಿ ನಮಗೆ ಮೋಸ ಮಾಡುತ್ತದೆ ಎಂದ ದಸ್ತಗಿರ್. ಅದಕ್ಕೆ ಯಜಮಾನರ ಪಾಸ್‌ವರ್ಡ್ ಬೇಕಿತ್ತು. ಖಲೀಮುಲ್ಲಾ ಗಿರಾಕಿಯ ಜೊತೆ ಮಾತಾಡುತ್ತಲೇ ಕೂಗಿ ಹೇಳಿಬಿಟ್ಟರು. ಎಲ್ಲವನ್ನೂ ಗುಡಿಸಿ, ದಸ್ತಗಿರ್ ಕುರ್ಚಿ ಬಿಟ್ಟು ಎದ್ದ. ಅಜೀಜಾ ತನ್ನ ಹೆಸರು ಹಾಕಿ ಒಳಗೆ ಹೋದಳು, ಫ್ಲಾಪಿ ಹಾಕಿ ಒತ್ತಿದಳು. ಓಡಿತು. ಅವಳು ಗಿರಾಕಿಯ ಚೀಟಿ ನೋಡಿಕೊಂಡು ಟೈಪ್ ಮಾಡುತ್ತಾ ಹೋಗಿ, ಕೊನೆಯ ಸಾಲಿನಲ್ಲಿ ಬೆರಳು ಎತ್ತಿಬಿಟ್ಟಳು.

“ಭಾಯಿ, ಈ ಮಾತನ್ನ ಮದುವೆ ಪತ್ರಿಕೆ ಮೇಲೆ ಹಾಕ್ತಾರಾ?”

ಬಗ್ಗಿ ನೋಡಿದೆ. ‘ತಪ್ಪಕ ರಂಡಿ’ ಎಂದಿತ್ತು.

“ತೆಲುಗಲ್ಲಿ ಬನ್ನಿ ಅಂತ ಕಣಮ್ಮ. ನೀನು ಅಕ್ಷರ ನೋಡು, ಅರ್ಥ ಅವರ ಪಾಡಿಗೆ ಬಿಡು,” ಎಂದ ದಸ್ತಗಿರ್.

ಅವಳು ಸೆರಗು ಬಾಯಿಗೆ ಹಿಡಿದು ನಗುತ್ತಲೇ ಟೈಪ್ ಮಾಡಿದಳು. ಹಾಳೆ ಹೊರಬಂತು. ಖಲೀಮುಲ್ಲಾ ಅದನ್ನು ಬೆಳಕಿಗೆ ಹಿಡಿದು ನೋಡಿ, ಇನ್ನು ಹಿಂದೂಪುರದವನು ಬೇಡ ಎಂದರು.

ನಾನು ಚಪ್ಪಲಿ ಮೆಟ್ಟಿಕೊಂಡೆ. ದಸ್ತಗಿರ್ ಹೊರಡಲಿಲ್ಲ.

“ಸಾಬ್, ನಿಮ್ಮ ಪಾಸ್‌ವರ್ಡ್ ಬದಲಾಯಿಸಿಬಿಡಿ. ನನಗೆ ಗೊತ್ತಾಗೋಯ್ತು.”

“ನೀನೇನು ಕಳ್ಳನೇನಯ್ಯ?”

“ಅಲ್ಲ. ನನ್ನ ಕೆಲಸ ಮುಗೀತಲ್ಲ.”

ಖಲೀಮುಲ್ಲಾ ತಲೆಯಾಡಿಸುತ್ತ ಬಂದು ಯಂತ್ರದ ಮುಂದೆ ಕೂತರು. ದಸ್ತಗಿರ್ ಬಾಗಿಲಿಗೆ ಹೋಗಿ, ನಮಗೆಲ್ಲ ಬೆನ್ನು ಮಾಡಿ, ಬೀದಿಯಲ್ಲಿ ಗೂಡಿನ ಚೀಲ ಇಳಿಸುತ್ತಿದ್ದವರನ್ನು ನೋಡುತ್ತ ನಿಂತ. ಕೀಲಿಗಳ ಸದ್ದು ನಿಲ್ಲುವವರೆಗೆ ತಿರುಗಲಿಲ್ಲ.