‘ಒಳಗೆ ಯಾರೂ ಇಲ್ಲ’ ಅಂದವಳು ನಾನು

ನಾನೀಗ ಗೋವೆಯ ಮಡ್ಕಯಿಯಲ್ಲಿ ಒಂದು ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಮುಚ್ಚಳ ಹಾಕುವ ಕೆಲಸ ಮಾಡುತ್ತೇನೆ. ಅಲ್ಲಿ ಆಗಾಗ ಬೆಂಕಿಯ ಭೋಂಗಾ ಹೊಡೆಯುತ್ತಾರೆ. ಖರೇ ಬೆಂಕಿ ಅಲ್ಲ, ತಾಲೀಮು. ಎಲ್ಲರೂ ಅಂಗಳಕ್ಕೆ ಬಂದು ಸಾಲಾಗಿ ನಿಲ್ಲಬೇಕು, ಸೂಪರ್‌ವೈಸರ್ ತಲೆ ಎಣಿಸುತ್ತಾನೆ. ಅವನು ಎಣಿಸಿ ಮುಗಿಸಿದ ಮೇಲೆ ನಾನು ಮತ್ತೊಮ್ಮೆ ಒಬ್ಬೊಬ್ಬರ ಮುಖ ನೋಡಿ ಎಣಿಸುತ್ತೇನೆ. “ಅಕ್ಕಾ, ನಿನಗ್ಯಾಕ ಬೇಕು ಊರ ಉಸಾಬರಿ?” ಅಂತ ಜೊತೆಯ ಹುಡುಗಿಯರು ಕಾಡುತ್ತಾರೆ. ಅವರಿಗೆ ನಾನು ಏನೂ ಹೇಳಿಲ್ಲ. ಹೇಳಲು ಹೊರಟರೆ ನನ್ನ ಅಣ್ಣನಿಂದ ಶುರು ಮಾಡಬೇಕಾಗುತ್ತದೆ, ಅವನ ಹೆಸರೆತ್ತಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಅಣ್ಣ ನಮ್ಮ ವಿಜಯಪುರದ ಕಡೆಯ ಮಂದಿಯನ್ನು ಗೋವೆಗೆ ಕರೆತಂದು ಕೆಲಸಕ್ಕೆ ಹಚ್ಚುವ ಮುಕಾದಮ. ನನ್ನನ್ನೂ ನನ್ನ ಗಂಡನನ್ನೂ ತಂದವನು ಅವನೇ. ಕೆಪೆಯ ಆಚೆ ಒಂದು ಗುಡ್ಡವನ್ನು ಕೊರೆದು ರೈಲಿಗೆ ಸುರಂಗ ಮಾಡುತ್ತಿದ್ದರು. ನಾವೆಲ್ಲ ಅದನ್ನು ಬೋಗದಾ ಅನ್ನುತ್ತಿದ್ದೆವು. ಗಂಡ ಒಳಗೆ ಬಂಡೆ ಕೊರೆಯುವ ಗುಂಪಿನಲ್ಲಿದ್ದ. ಹತ್ತನೇ ಇಯತ್ತೆ ಓದಿದ್ದೇನೆ ಅನ್ನುವ ಒಂದೇ ಅರ್ಹತೆಗೆ ನನ್ನನ್ನು ಬೋಗದಾದ ಬಾಯಲ್ಲಿ ಹಲಗೆ ನೋಡಿಕೊಳ್ಳಲು ಕೂರಿಸಿದರು. ಕಲ್ಲು ಹೊರುವ ಹೆಂಗಸರು ನನ್ನನ್ನು “ಬಾಯಿಸಾಹೇಬರು” ಅಂತ ಚೇಷ್ಟೆ ಮಾಡುತ್ತಿದ್ದರು. ಸುಳ್ಳೇಕೆ, ನನಗೂ ಸ್ವಲ್ಪ ಸೊಕ್ಕು ಬಂದಿತ್ತು.

ಹಲಗೆಯ ಕೆಲಸ ಸರಳ. ಒಂದು ಅರ್ಧಕ್ಕೆ ಕೆಂಪು ಬಣ್ಣ, ಇನ್ನೊಂದು ಅರ್ಧಕ್ಕೆ ಹಸಿರು, ಎರಡರ ಮೇಲೂ ಸಾಲಾಗಿ ಮೊಳೆಗಳು. ಪ್ರತಿಯೊಬ್ಬನಿಗೂ ನಂಬರು ಹೊಡೆದ ಒಂದು ಬಿಲ್ಲೆ. ಒಳಗೆ ಹೋಗುವವನು ತನ್ನ ಬಿಲ್ಲೆಯನ್ನು ಕೆಂಪಿಗೆ ಹಾಕಬೇಕು, ಹೊರಗೆ ಬಂದವನು ಹಸಿರಿಗೆ ಹಾಕಬೇಕು. ಒಬ್ಬನ ಬಿಲ್ಲೆಯನ್ನು ಇನ್ನೊಬ್ಬ ಮುಟ್ಟುವ ಹಾಗಿಲ್ಲ. ಒಳಗೆ ಬೆಂಕಿ ಬಿದ್ದರೆ ಯಾರು ಉಳಿದಿದ್ದಾರೆ ಎಂದು ಹೊಗೆಯೊಳಗೆ ನುಗ್ಗಿ ನೋಡಲು ಆಗುವುದಿಲ್ಲ, ಹಲಗೆ ನೋಡಿಯೇ ತಿಳಿಯಬೇಕು. ಇದನ್ನು ನನಗೆ ಕಲಿಸಿದವರು ಸೇಫ್ಟಿ ಸಾಹೇಬರು, ಗೋವೆಯವರೇ, ತೆಳ್ಳಗಿನ ಮುದುಕರು. ಬೋಗದಾದ ಬಾಯಲ್ಲಿದ್ದ ದೊಡ್ಡ ಫ್ಯಾನಿನ ವಿಷಯವನ್ನೂ ಅವರೇ ತಿಳಿಸಿದ್ದರು. ಅದು ಹೊರಗಿನ ಗಾಳಿಯನ್ನು ದಪ್ಪ ಕೊಳವೆಯಲ್ಲಿ ಕೊನೆಯ ಬಂಡೆಯವರೆಗೆ ಒಯ್ಯುತ್ತದೆ. ಒಳಗೆ ಮಂದಿ ಇದ್ದರೆ ಏನೇ ಆದರೂ ಅದನ್ನು ನಿಲ್ಲಿಸಬಾರದು, ಯಾರೂ ಇಲ್ಲ ಎಂದು ಖಾತ್ರಿಯಾದರೆ ಮಾತ್ರ ಬೆಂಕಿಗೆ ಗಾಳಿ ಸಿಗದಂತೆ ನಿಲ್ಲಿಸಬಹುದು.

ಆ ದಿನ ಬೋಗದಾದ ನಡುವೆ ಗ್ಯಾಸಿನಿಂದ ಕಬ್ಬಿಣ ಕತ್ತರಿಸುವ ಕೆಲಸ ಇತ್ತು. ಅದರ ಹತ್ತಿರವೇ ನೀರು ಸೋರದಂತೆ ಬಂಡೆಗೆ ಹೊದಿಸುವ ಪ್ಲಾಸ್ಟಿಕ್ ಹಾಳೆಯ ಸುರುಳಿಗಳನ್ನು ಇಟ್ಟಿದ್ದರು. ಹಾಗಾಗಿ ಅದರಾಚೆಗೆ ಒಬ್ಬನೂ ಇರಬಾರದು, ಇದ್ದರೆ ಕಿಡಿ ಹಾರಿಸುವ ಕೆಲಸಕ್ಕೆ ಸಾಹೇಬರು ಸಹಿ ಹಾಕುವುದಿಲ್ಲ. ಆದರೆ ಮರುದಿನ ಯಾರೋ ದೊಡ್ಡವರು ನೋಡಲು ಬರುವವರಿದ್ದರು. ಕೊನೆಯ ಬಂಡೆಯ ಕೆಲಸವೂ ನಿಲ್ಲಬಾರದು, ಕಬ್ಬಿಣದ ಕೆಲಸವೂ ಮುಗಿಯಬೇಕು ಅಂತ ಮೇಲಿನವರು ಅಣ್ಣನ ಬೆನ್ನು ಹತ್ತಿದ್ದರು.

ಊಟದ ಹೊತ್ತಿಗೆ ಅಣ್ಣ ಬಂದ. “ತಂಗಿ, ಎದ್ದು ಎರಡು ತುತ್ತು ತಿಂದು ಬಾ. ನಾ ಕುಂದರತೀನಿ ಇಲ್ಲಿ.”

ನಾನು ಹೋಗಿ ರೊಟ್ಟಿ ತಿಂದು ಬಂದೆ. ಬರುವಷ್ಟರಲ್ಲಿ ಕೆಂಪಿನ ಕಡೆ ಒಂದು ಬಿಲ್ಲೆಯೂ ಇರಲಿಲ್ಲ, ಗಂಡನ ಗುಂಪಿನ ಎಂಟೂ ಹಸಿರಿಗೆ ಬಂದಿದ್ದವು.

“ಎಲ್ಲಾರೂ ಬಂದ್ರೇನು ಅಣ್ಣಾ?”

“ಬಂದ್ರವ್ವ. ಕ್ಯಾಂಪಿಗೆ ಊಟಕ್ಕ ಹೋದ್ರು.”

ಸ್ವಲ್ಪ ಹೊತ್ತಿಗೆ ಸಾಹೇಬರು ಕಾಗದ ಹಿಡಿದುಕೊಂಡು ಬಂದು ಕೊಂಕಣಿಯಲ್ಲಿ ಕೇಳಿದರು, “ಭಿತರ್ ಕೋಣ್ ಆಸಾ?” ಒಳಗೆ ಯಾರಾದರೂ ಇದ್ದಾರಾ ಅಂತ. ನಾನು ಹಲಗೆಯ ಕಡೆ ನೋಡಿ, “ಕೋಣ್ ನಾ”, ಯಾರೂ ಇಲ್ಲ ಅಂದೆ. ಅವರು ಸಹಿ ಹಾಕಿದರು. ಕತ್ತರಿಸುವವರು ತಮ್ಮ ಬಿಲ್ಲೆ ಕೆಂಪಿಗೆ ಹಾಕಿ ಸಿಲಿಂಡರ್ ತಳ್ಳಿಕೊಂಡು ಒಳಗೆ ಹೋದರು.

ಅರ್ಧ ತಾಸು ಆಗಿರಬೇಕು. ಅವರು ಕೆಮ್ಮುತ್ತ ಓಡಿ ಬಂದರು, ಹಿಂದೆಯೇ ಹೊಗೆ ಬಂತು. ಬೆಂಕಿ ದೊಡ್ಡದೇನಲ್ಲ, ಸುರುಳಿಗಳಿಗೆ ಕಿಡಿ ತಾಗಿದೆ ಅಂದರು. ಆದರೆ ಆ ಪ್ಲಾಸ್ಟಿಕ್ಕಿನ ಹೊಗೆ ನಮ್ಮ ಒಲೆಯ ಹೊಗೆಯಂಥದ್ದಲ್ಲ. ಕರ್ರಗೆ, ದಟ್ಟವಾಗಿ ಬೋಗದಾದ ಚಾವಣಿ ಹಿಡಿದು ಹೊರಬೀಳುತ್ತಿತ್ತು, ಒಂದು ಸಲ ಎಳೆದುಕೊಂಡರೆ ಗಂಟಲು ಕಟ್ಟುತ್ತಿತ್ತು. ಇಂಜಿನಿಯರ್ ಓಡಿ ಬಂದು ಹಲಗೆ ನೋಡಿದ, ನನ್ನ ಮುಖ ನೋಡಿದ. ಆ ಹೊತ್ತಿಗೆ ಕತ್ತರಿಸುವವರೂ ತಮ್ಮ ಬಿಲ್ಲೆ ಹಸಿರಿಗೆ ಹಾಕಿದ್ದರು. ಒಳಗೆ ಯಾರೂ ಇಲ್ಲ ಅಂದೆ. ಅವನು ಫ್ಯಾನ್ ಬಂದ್ ಮಾಡಿಸಿದ.

ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಅಣ್ಣ ನಿಂತಿದ್ದ. ನನ್ನ ಮಾತನ್ನೂ ಕೇಳಿಸಿಕೊಂಡ, ಫ್ಯಾನ್ ನಿಂತದ್ದನ್ನೂ ನೋಡಿದ. ಬಾಯಿ ಬಿಡಲಿಲ್ಲ.

ಒಳಗೆ ಹೋಗುವವರು ಬೋಗದಾದ ಬಾಯಲ್ಲಿ ಚಪ್ಪಲಿ ಬಿಟ್ಟು ಗಂಬೂಟು ಹಾಕಿಕೊಳ್ಳುತ್ತಿದ್ದರು. ಹೊರಗೆ ಬಂದ ತಕ್ಷಣ ಗಂಬೂಟು ಕಿತ್ತೆಸೆದು ಚಪ್ಪಲಿ ಮೆಟ್ಟುತ್ತಿದ್ದರು, ಆ ಬೂಟಿನಲ್ಲಿ ಯಾರೂ ಊಟಕ್ಕೆ ಹೋಗುತ್ತಿರಲಿಲ್ಲ. ಹೊಗೆಗೆ ಹೆದರಿ ಹಿಂದಕ್ಕೆ ಸರಿದಾಗ ನನ್ನ ಕಾಲಿಗೆ ಒಂದು ಚಪ್ಪಲಿ ಸಿಕ್ಕಿತು. ನೋಡಿದರೆ ನನ್ನ ಗಂಡನದು. ಮ್ಹಾಪಸಾದ ಶುಕ್ರವಾರದ ಸಂತೆಯಲ್ಲಿ ನಾನೇ ಆರಿಸಿ ತಂದಿದ್ದು, ಉಂಗುಷ್ಠದ ಪಟ್ಟಿ ಕಿತ್ತಾಗ ನಾನೇ ಹೊಲಿದಿದ್ದು. ಅದರ ಪಕ್ಕದಲ್ಲಿ ಇನ್ನೂ ಏಳು ಜೋಡಿ. ಊಟದಿಂದ ಬಂದಾಗ ಅವು ನನ್ನ ಕಣ್ಣ ಮುಂದೆಯೇ ಇದ್ದವು. ನಾನು ಹಲಗೆ ನೋಡಿದೆ, ಅಣ್ಣನ ಮಾತು ಕೇಳಿದೆ, ಚಪ್ಪಲಿ ನೋಡಲಿಲ್ಲ. ಅಷ್ಟು ತಪ್ಪು ನನ್ನದು, ಅದನ್ನು ಇಲ್ಲ ಅನ್ನುವುದಿಲ್ಲ.

“ಫ್ಯಾನ್ ಹಚ್ಚರೀ! ಮಂದಿ ಅದಾರ್ರೀ ಒಳಗ! ಎಂಟು ಮಂದಿ ಅದಾರ!” ಅಂತ ಚೀರಿದೆ. ಕನ್ನಡದಲ್ಲಿ ಚೀರಿದೆ, ಹಿಂದಿಯಲ್ಲಿ ಚೀರಿದೆ, ಇಂಜಿನಿಯರನ ಅಂಗಿ ಹಿಡಿದು ಜಗ್ಗಿದೆ. ಅವನು ಅಣ್ಣನ ಕಡೆ ನೋಡಿದ. ಅಣ್ಣ ನೆಲ ನೋಡುತ್ತಿದ್ದ. ಕಡೆಗೆ ಸೇಫ್ಟಿ ಸಾಹೇಬರೇ ಹೋಗಿ ಸ್ವಿಚ್ ಒತ್ತಿದರು.

ಎಷ್ಟು ಹೊತ್ತು ಫ್ಯಾನ್ ನಿಂತಿತ್ತೋ ನಾನು ಹೇಳಲಾರೆ. ಗೋಡೆಗುಂಟ ಹಾಕಿದ್ದ ನೀರಿನ ಪೈಪನ್ನು ಕೈಯಲ್ಲಿ ತಡಕುತ್ತ, ಅಂಬೆಗಾಲಿಡುತ್ತ ಒಬ್ಬೊಬ್ಬರಾಗಿ ಎಂಟೂ ಮಂದಿ ಬಂದರು. ನನ್ನ ಗಂಡ ಕೊನೆಯವನು. ಮೂಗಿನಿಂದ ಮಸಿ ಸುರಿಯುತ್ತಿತ್ತು, ಕಣ್ಣು ಬಿಡಲು ಆಗುತ್ತಿರಲಿಲ್ಲ. ನನ್ನ ಮಡಿಲಲ್ಲಿ ಬಿದ್ದು ಗಾಳಿಗೆ ಒದ್ದಾಡಿದ.

ಮಡಗಾವಿನ ಆಸ್ಪತ್ರೆಯಲ್ಲಿ ಮಾತು ಬಂದ ಮೇಲೆ ಕೇಳಿದೆ, “ನಿಮ್ಮ ಬಿಲ್ಲಿ ಅಣ್ಣ ತಗದದ್ದು ನಿಮಗ ಗೊತ್ತಿತ್ತೇನು?”

“ಗೊತ್ತಿತ್ತು. ಮುಂಜಾನೇನ ಹೇಳಿದ್ದ. ಮೊದಲೂ ಹಿಂಗ ಮಾಡೇವಿ.”

“ನನಗ್ಯಾಕ ಹೇಳಲಿಲ್ಲ?”

“ಹೇಳಿದ್ರ ನೀ ಒಪ್ಪತಿದ್ದೇನು?”

ಅಂದರೆ ಎಂಟು ಮಂದಿಗೂ ಗೊತ್ತು, ಅಣ್ಣನಿಗೂ ಗೊತ್ತು. ನಾನೊಬ್ಬಳು ಹುಚ್ಚಿಯ ಹಾಗೆ ದಿನಾ ಆ ಹಲಗೆ ಒರೆಸಿ, ಬಿಲ್ಲೆ ತೊಳೆದು ಕಾಯುತ್ತಿದ್ದೆ. ಆ ಹೊತ್ತಿನಲ್ಲಿ ಸಿಟ್ಟು ಮಾಡುವಂತಿರಲಿಲ್ಲ, ಅವನಿಗೆ ಉಸಿರೇ ಸರಿಯಾಗಿ ಆಡುತ್ತಿರಲಿಲ್ಲ. ನನ್ನ ಕೈ ಹಿಡಿದು, “ವಿಚಾರಣಿ ಒಳಗ ಖರೇ ಹೇಳತೀನಿ, ನಿನ್ನಾಣಿ” ಅಂದ. ನಾನು ಕಣ್ಣೊರೆಸಿಕೊಂಡು ಮೂಸಂಬಿ ಸುಲಿದು ಕೊಟ್ಟೆ.

ವಿಚಾರಣೆ ನಡೆದದ್ದು ಗುಡ್ಡದ ಕೆಳಗಿನ ತಗಡಿನ ಆಫೀಸಿನಲ್ಲಿ. ವಿಚಾರಣೆ ಮಾಡಲು ಬೇರೆ ಕಡೆಯಿಂದ ಮೂವರು ಅಧಿಕಾರಿಗಳು ಬಂದಿದ್ದರು. ಅಣ್ಣ ಕೈ ಕಟ್ಟಿಕೊಂಡು ನಿಂತು, “ಹಲಗಿ ನಮ್ಮ ತಂಗೀ ಜವಾಬ್ದಾರಿ ಸಾಹೇಬ್ರ. ನಾ ಅದನ್ನ ಮುಟ್ಟಿಲ್ಲ” ಅಂದ. ಅವನ ಹಿಂದೆ ಏಳು ಮಂದಿ ಬಂದರು. ನನ್ನ ಕೈಯ ರೊಟ್ಟಿ ಉಂಡವರು, ನಾನು ಚೀರಿದ್ದಕ್ಕೆ ಜೀವ ಉಳಿದವರು. ಒಬ್ಬೊಬ್ಬರಾಗಿ “ಗೊತ್ತಿಲ್ರೀ” ಅಂದು ಹೋದರು. ನನಗೆ ಅವರ ಗೊಡವೆ ಬೇಡ ಅನ್ನಿಸಿತು. ಮುಕಾದಮನ ಎದುರು ನಿಂತರೆ ನಾಳೆ ಕೆಲಸಕ್ಕೆ ಕರೆಯುವವರು ಯಾರು? ನನಗೆ ನನ್ನ ಗಂಡನ ಒಂದು ಮಾತು ಸಾಕಾಗಿತ್ತು.

ಅವನನ್ನು ಕುರ್ಚಿಯ ಮೇಲೆ ಕೂರಿಸಿದರು. ಬಿಲ್ಲೆ ಯಾರು ತೆಗೆದರು ಎಂದು ಕೇಳಿದರು. ಅವನು ಒಂದು ಸಲ ಕೆಮ್ಮಿದ, ನೀರು ಕುಡಿದ, ನನ್ನ ಕಡೆ ತಿರುಗಲಿಲ್ಲ.

“ನಮ್ಮ ಹೆಂಡತಿ ತಪ್ಪಿ ತಗದಿರಬೇಕ್ರಿ” ಅಂದ.

ನಾನು ಎದ್ದು ನಿಂತು ಅಲ್ಲ ಅಂದೆ. ಎಷ್ಟೋ ಸಲ ಅಂದೆ. ಹೆಂಡತಿಯದು ಒಂದು ಮಾತು, ಅಣ್ಣನದೂ ಗಂಡನದೂ ಇನ್ನೊಂದು ಮಾತು, ಅವರು ಎರಡನೆಯದನ್ನೇ ಬರೆದುಕೊಂಡರು. ನನ್ನನ್ನು ಕೆಲಸದಿಂದ ತೆಗೆದರು. ನನ್ನ ಮಾತು ನಂಬಿ ಸಹಿ ಹಾಕಿದ ಆ ಮುದುಕ ಸಾಹೇಬರನ್ನೂ ತೆಗೆದರು. ಹೋಗುವಾಗ ಅವರು ಒಂದು ಸಲ ನನ್ನ ಕಡೆ ತಿರುಗಿ ನೋಡಿದರು.

ಕೆಪೆಗೆ ಬರುವ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಗಂಡನನ್ನು ಕೂರಿಸಿ, ಅವನಿಗೆ ಗಾಳಿ ಬರಲಿ ಎಂದು ಗಾಜು ಸರಿಸಿದೆ. ಅವನೇ ಮಾತು ತೆಗೆದ.

“ಅವ ನಿಮ್ಮಣ್ಣ ಅಲ್ಲೇನು? ಅವನ ಮ್ಯಾಲೆ ಬಂದಿದ್ರ ಜೇಲಿಗೆ ಹೋಗತಿದ್ದ. ನಿನ್ನ ತವರುಮನಿ ಉಳೀಲಿ ಅಂತ ಹಂಗ ಹೇಳಿದೆ.”

ನನ್ನ ಉಪಕಾರಕ್ಕೇ ಸುಳ್ಳು ಹೇಳಿದ ಹಾಗೆ, ನಾನು ಕೈ ಮುಗಿಯಬೇಕು ಅನ್ನುವ ಹಾಗೆ ಹೇಳಿದ. ನಾನು ಅವನ ಮುಖ ನೋಡಿದೆ. ಆ ದಿನ ನಾನು ಚೀರಬಾರದಿತ್ತು, ಫ್ಯಾನ್ ಹಾಗೇ ನಿಂತಿರಲಿ ಎಂದು ಸುಮ್ಮನಿರಬೇಕಿತ್ತು ಅಂತ ಒಂದು ಕ್ಷಣ ಅನ್ನಿಸಿತು. ಖರೇ ಅನ್ನಿಸಿತು. ನಾನು ಮೊದಲು ಅಂಥ ಹೆಂಗಸಾಗಿರಲಿಲ್ಲ. ನನ್ನನ್ನು ಅಂಥವಳನ್ನಾಗಿ ಮಾಡಿದವರು ಇಬ್ಬರೂ ನನ್ನವರೇ.