ಪಕ್ಕದವನ ಹೆಸರು

"ಹಿಟ್ಲರನ ಕಾಲದಲ್ಲೂ ಜರ್ಮನಿಯಲ್ಲಿ ಫುಟ್‌ಬಾಲ್ ನಿಲ್ಲಲಿಲ್ಲ. ಚದುರಿಹೋಗಿದ್ದ ಲೀಗುಗಳನ್ನೆಲ್ಲ ಒಟ್ಟುಗೂಡಿಸಿ ಹದಿನಾರು ಪ್ರಾಂತೀಯ ಲೀಗುಗಳನ್ನು ಮಾಡಿದರು, ಶಿಸ್ತು ತಂದರು. ಆಟಕ್ಕೂ ರಾಜಕೀಯಕ್ಕೂ ಸಂಬಂಧವಿಲ್ಲ ಮಕ್ಕಳೇ!"

ಕೆಂಪಾಪುರದ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡದ ಬಹುಮಾನ ವಿತರಣೆಗೆ ಅತಿಥಿಯಾಗಿ ಬಂದಿದ್ದ ಯುವಕರೊಬ್ಬರು ಕಳೆದ ತಿಂಗಳು ಹೀಗೆ ಹೇಳಿದರು. ಚಪ್ಪಾಳೆ ಬಿತ್ತು. ತಂಡದಲ್ಲಿ ಆಡುವ ನನ್ನ ಮೊಮ್ಮಗಳೂ ಚಪ್ಪಾಳೆ ತಟ್ಟಿದಳು. ಮೊದಲಿನ ಮಾತುಗಳು ಪುಸ್ತಕದಲ್ಲಿರುವಂಥವೇ. ತಕರಾರು ಇದ್ದದ್ದು ಕೊನೆಯ ಮಾತಿನ ಮೇಲೆ. ಆದರೂ ವಯಸ್ಸಾದವರು ಎಲ್ಲದಕ್ಕೂ ಬಾಯಿ ಹಾಕಬಾರದೆಂದು ಸುಮ್ಮನಿರುತ್ತಿದ್ದೆನೇನೋ. ಅಷ್ಟರಲ್ಲಿ ಪಕ್ಕದ ಕುರ್ಚಿಯಿಂದ ಹರಳೆಣ್ಣೆಯ ವಾಸನೆ ಬಂತು. ಹಳೆಯ ಗೆಳೆಯ ಖಾದರ್ ಮಂಡಿನೋವಿಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದರು. ಆ ವಾಸನೆಯ ಜೊತೆ ನಮ್ಮ ಮೇಷ್ಟ್ರು ಬಂದು ಎದುರಿಗೆ ನಿಂತರು...

ಅರವತ್ತರ ದಶಕದಲ್ಲಿ ನಾನು ಮತ್ತು ಖಾದರ್ ಯಶವಂತಪುರದ ಆಚೆಯ ಒಂದು ಕಾರ್ಖಾನೆಯಲ್ಲಿ ಅಪ್ರೆಂಟಿಸುಗಳಾಗಿದ್ದೆವು. ನಮಗೆ ಲೇತ್ ಕೆಲಸ ಕಲಿಸಲು ಜರ್ಮನಿಯಿಂದ ಬಂದವರು ಮೇಷ್ಟ್ರು. ಎತ್ತರದ ಆಳು, ತುಸು ಬಾಗಿದ ಬೆನ್ನು, ಅಂಗೈಯಗಲದ ಕಿವಿಗಳು. ಕನ್ನಡವನ್ನು ಅವರು ಕಲಿತದ್ದು ಫಿಟ್ಟರುಗಳ ಬಾಯಿಂದ. ಆದ್ದರಿಂದ ಜನರಲ್ ಮ್ಯಾನೇಜರನ್ನೂ "ಏನ್ ಗುರು, ಊಟ ಆಯ್ತಾ?" ಎಂದೇ ವಿಚಾರಿಸುತ್ತಿದ್ದರು. ಅದು ಸಲ್ಲದೆಂದು ತಿಳಿಸಿ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಮ್ಯಾನೇಜರೂ ಬರಬರುತ್ತಾ "ಆಯ್ತು ಗುರು" ಎನ್ನಲು ಕಲಿತರು.

ಕಾರ್ಖಾನೆಯ ಫುಟ್‌ಬಾಲ್ ತಂಡವನ್ನು ಪಳಗಿಸುವ ಕೆಲಸವನ್ನು ಅವರು ತಾವಾಗಿಯೇ ವಹಿಸಿಕೊಂಡಿದ್ದರು. ಚರ್ಮದ ಚೆಂಡಿಗೆ, ಬೂಟುಗಳಿಗೆ ಹಚ್ಚಲು ಅವರ ದೇಶದ ಮುಲಾಮು ಇಲ್ಲಿ ದೊರೆಯುತ್ತಿರಲಿಲ್ಲ. ಯಶವಂತಪುರದ ಗಾಣದ ಅಂಗಡಿಯಿಂದ ಹರಳೆಣ್ಣೆ ತಂದು, ಶನಿವಾರ ಸಂಜೆ ಒಂದೊಂದೇ ಬೂಟನ್ನು ಮಡಿಲಲ್ಲಿಟ್ಟುಕೊಂಡು ಮಗುವಿಗೆ ಹಚ್ಚುವಂತೆ ತಿಕ್ಕುತ್ತಿದ್ದರು. ಚೆಂಡನ್ನು ತಲೆಯಿಂದ ಹೊಡೆದವನ ಹಣೆಯೆಲ್ಲ ಎಣ್ಣೆಯಾಗುತ್ತಿತ್ತು. "ಲೋ, ನಿಂಗೆ ದೀಪಾವಳಿ ಬೇಗ ಬಂತಲ್ಲೋ" ಎಂದು ಉಳಿದವರು ರೇಗಿಸುತ್ತಿದ್ದರು.

ಅವರದೊಂದು ವಿಚಿತ್ರ ಕ್ರಮವಿತ್ತು. ಪ್ರತಿ ಆಟಕ್ಕೆ ಮೊದಲು ತಂಡವು ಸಾಲಾಗಿ ನಿಲ್ಲಬೇಕು. ಒಬ್ಬೊಬ್ಬನೂ ತನ್ನ ಎಡಕ್ಕೆ ನಿಂತವನ ಹೆಸರನ್ನು ಗಟ್ಟಿಯಾಗಿ ಹೇಳಬೇಕು. "ನಿನ್ ಹೆಸ್ರು ನಿಂಗೆ ಗೊತ್ತು. ಪಕ್ಕದವನ್ದು ಹೇಳು" ಎನ್ನುತ್ತಿದ್ದರು. ಸಾಲಿನ ಎಡತುದಿಯಲ್ಲಿ ತಾವೇ ನಿಲ್ಲುತ್ತಿದ್ದರು. ಅವರ ಎಡಕ್ಕೆ ಯಾರೂ ಇರುತ್ತಿರಲಿಲ್ಲ. ಆದರೂ ಆ ಖಾಲಿ ಜಾಗದ ಕಡೆ ತಿರುಗಿ ಅವರು ಒಂದು ಹೆಸರು ಹೇಳುತ್ತಿದ್ದರು. ನಮಗೆ ಪರಿಚಯವಿಲ್ಲದ, ಬಾಯಿಗೂ ಸುಲಭವಾಗಿ ಬಾರದ ಹೆಸರು. "ದೇವ್ರನ್ನ ಕರೀತಾರೆ ಕಣೋ" ಎಂದು ಗೋಲು ಕಾಯುವ ನಮ್ಮ ಗೋಲಿ ಪಿಸುಗುಟ್ಟಿದರೆ, ಇನ್ನೊಬ್ಬ "ದೇವ್ರಲ್ಲ ಮಗಾ, ಹೆಂಡ್ತಿ" ಎನ್ನುತ್ತಿದ್ದ.

ಕಾರ್ಖಾನೆಗಳ ನಡುವಿನ ಕಪ್ಪಿನ ಫೈನಲಿಗೆ ಒಮ್ಮೆ ನಾವು ತಲುಪಿದೆವು. ಆ ವಾರ ಪೇಟೆಯ ಕಡೆ ಹಿಂದೂ ಮುಸ್ಲಿಮರ ನಡುವೆ ಏನೋ ಗಲಾಟೆಯಾಗಿತ್ತು. ನಮ್ಮ ಮೈದಾನದವರೆಗೆ ಅದರ ಬಿಸಿ ತಟ್ಟಿರಲಿಲ್ಲ. ಸುದ್ದಿ ಮಾತ್ರ ಬಂದಿತ್ತು. ಆಟಕ್ಕೆ ಇನ್ನೇನು ಇಳಿಯಬೇಕು ಎನ್ನುವಾಗ ವೆಲ್‌ಫೇರ್ ಸೆಕ್ಷನ್ನಿನ ಅಧಿಕಾರಿ ಸ್ಕೂಟರಿನಲ್ಲಿ ಬಂದರು. ಕೆಟ್ಟ ಮನುಷ್ಯರಲ್ಲ. ಖಾದರ್ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು: "ಇವತ್ತೊಂದಿನ ರೆಸ್ಟ್ ತಗೋಪ್ಪ. ಜನ ಏನಾದ್ರೂ ಅಂದ್ರೆ ಕಷ್ಟ. ನಿನ್ ಒಳ್ಳೇದಕ್ಕೇ ಹೇಳ್ತಿರೋದು."

ಖಾದರ್ ನಮ್ಮ ತಂಡದ ಲೆಫ್ಟ್ ಬ್ಯಾಕ್. ಅಂಥ ಆಟಗಾರ ಇನ್ನೊಬ್ಬನಿರಲಿಲ್ಲ. ಅವನು "ಆಯ್ತು ಸಾರ್" ಎಂದು ಷರ್ಟನ್ನು ಬದಲಿ ಆಟಗಾರನಿಗೆ ಕೊಟ್ಟು, ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಸೈಕಲ್ ಸ್ಟ್ಯಾಂಡಿನ ಬಳಿ ಹೋಗಿ ನಿಂತ. ನಾವು ಯಾರೂ ಏನೂ ಅನ್ನಲಿಲ್ಲ. ಎಲ್ಲವೂ ಎಷ್ಟು ಮರ್ಯಾದೆಯಿಂದ ನಡೆಯಿತೆಂದರೆ, ಅನ್ನುವುದಕ್ಕೆ ಏನೂ ಇಲ್ಲವೆನ್ನಿಸಿತ್ತು...

ಚೆಂಡು ತರಲು ಸ್ಟೋರಿಗೆ ಹೋಗಿದ್ದ ಮೇಷ್ಟ್ರು ಬಂದರು. ಸಾಲನ್ನು ನೋಡಿದರು. "ಹೆಸ್ರು" ಎಂದರು. ಗೋಲಿಯಿಂದ ಶುರುವಾಗಿ ನನ್ನ ಸರದಿ ಬಂತು. ನನ್ನ ಎಡಕ್ಕೆ ಯಾವಾಗಲೂ ನಿಲ್ಲುತ್ತಿದ್ದವನು ಖಾದರ್. ಅಂದು ನಿಂತಿದ್ದವನು ಬದಲಿಯವನು. ನನ್ನ ಬಾಯಿಂದ ಬಂದದ್ದು ಮಾತ್ರ "ಖಾದರ್" ಎಂದೇ. ಅದನ್ನು ಧೈರ್ಯವೆಂದು ಈಗ ಹೇಳಿಕೊಳ್ಳಬಹುದು. ಅಭ್ಯಾಸಬಲವೆಂಬುದೇ ಸತ್ಯಕ್ಕೆ ಹತ್ತಿರ.

"ನಾನಲ್ಲ ಕಣೋ ಅವ್ನು. ಅವ್ನು ಅಲ್ಲಿದಾನೆ" ಎಂದು ಬದಲಿಯವನು ಸೈಕಲ್ ಸ್ಟ್ಯಾಂಡಿನ ಕಡೆ ಕೈ ತೋರಿಸಿದ.

ಅಧಿಕಾರಿ ಮುಂದೆ ಬಂದು ತಾವು ಹೇಳಿದ್ದನ್ನೆಲ್ಲ ಮತ್ತೆ ಹೇಳಿದರು. ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ತಮ್ಮ ಫಿಟ್ಟರ್ ಕನ್ನಡದಲ್ಲಿ ನಿಧಾನವಾಗಿ ಉತ್ತರ ಕೊಟ್ಟರು: "ನಮ್ಮೂರಲ್ಲೂ ಹಿಂಗೇ ಅಂದ್ರು. ಅವನ್ ಒಳ್ಳೇದಕ್ಕೆ ಅಂದ್ರು. ಭಾನ್ವಾರ ಮ್ಯಾಚ್ ಆಡಿದ್ವಿ. ಗೆದ್ವಿ. ಅವನ್ ಹೆಸ್ರು ಯಾರೂ ಹೇಳ್ಲಿಲ್ಲ."

ಇಷ್ಟು ಹೇಳಿ ಚೆಂಡನ್ನು ನೆಲಕ್ಕಿಟ್ಟು ಅದರ ಮೇಲೆ ಕೂತರು. ರೆಫರಿ ಸೀಟಿ ಊದುತ್ತಲೇ ಇದ್ದ.

"ಕಪ್ ಹೋಗುತ್ತೆ ಸಾರ್" ಎಂದರು ಅಧಿಕಾರಿ.

"ಹೋಗ್ಲಿ ಗುರು."

ಮೊದಲು ಕೂತವನು ಬದಲಿಯವನು. ಕೂತುಕೊಂಡೇ ಖಾದರ್‌ನ ಷರ್ಟನ್ನು ಬಿಚ್ಚಿ ಮಡಿಚಿಟ್ಟ. ಅನಂತರ ನಾನು, ಗೋಲಿ, ಉಳಿದವರು. ಮಣ್ಣಿನಲ್ಲಿ ಸಾಲಾಗಿ ಕೂತ ನಮ್ಮನ್ನು ಅಧಿಕಾರಿ ಒಮ್ಮೆ ನೋಡಿದರು, ಜನರತ್ತ ಒಮ್ಮೆ ನೋಡಿದರು. "ಏನಾದ್ರೂ ಆದ್ರೆ ನನ್ನ ಕೇಳ್ಬೇಡಿ" ಎಂದು ಸ್ಕೂಟರಿನ ಕಡೆ ನಡೆದರು. ಬರಿಗಾಲಿನಲ್ಲಿ ಖಾದರ್ ಓಡಿ ಬಂದ. ಜನ ಏನಾದರೂ ಅಂದರೇ? ಅಂದರು. "ಬೇಗ ಬೂಟ್ ಹಾಕ್ಕೊಳ್ಳಯ್ಯಾ, ಬಿಸ್ಲಲ್ಲಿ ಸಾಯ್ತಾ ಇದೀವಿ ಇಲ್ಲಿ!"

ಆ ಆಟದಲ್ಲಿ ನಾವು ಸೋತೆವು. ಕೊನೆಗಳಿಗೆಯ ಪೆನಾಲ್ಟಿಯನ್ನು ಖಾದರ್ ಅಡ್ಡಕಂಬದ ಮೇಲಿಂದ ಆಚೆಗೆ ಹೊಡೆದ. (ಅಲ್ಲ, ಕಂಬಕ್ಕೆ ತಗಲಿಯೇ ಹೋಯಿತೆಂದು ಖಾದರ್ ಇಂದಿಗೂ ವಾದಿಸುತ್ತಾರೆ.) "ಅಷ್ಟೊಂದು ಹಟ ಮಾಡಿ ಕರ್ಸಿದ್ದು ಸೋಲೋಕಾ ಗುರು?" ಎಂದು ಯಾರೋ ಕೂಗಿದರು. ಖಾದರ್ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಮೇಷ್ಟ್ರು ಮಾತ್ರ ನಗುತ್ತಿದ್ದರು. ಗೆದ್ದ ದಿನಗಳಲ್ಲೂ ಅವರು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಆ ಸಂಜೆ ಸ್ಟೋರಿನ ಮೆಟ್ಟಿಲ ಮೇಲೆ ಕೂತು ನಮ್ಮಿಬ್ಬರಿಗೆ ಅವರು ಆ ಹೆಸರಿನ ಕಥೆ ಹೇಳಿದರು. ಅದು ಅವರ ಊರಿನ ಬಟ್ಟೆ ಅಂಗಡಿಯವರ ಮಗನ ಹೆಸರು. ಯಹೂದಿ ಮನೆತನ. ಮೇಷ್ಟ್ರು ಗೋಲಿ, ಅವನು ರೈಟ್ ವಿಂಗ್. ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷವೇ ಕ್ಲಬ್ಬಿನವರು ಅವನನ್ನು ಕರೆದು, ಇನ್ನು ಬರುವುದು ಬೇಡ, ನಿನ್ನ ಒಳ್ಳೆಯದಕ್ಕೇ ಎಂದರಂತೆ. ಹೊಸ ಪ್ರಾಂತೀಯ ಲೀಗಿನ ಮೊದಲ ಆಟದಲ್ಲಿ ಅವನ ಷರ್ಟು ಇನ್ನೊಬ್ಬನ ಮೈಮೇಲಿತ್ತು. ಹನ್ನೊಂದು ಜನ ಸರಿಯಾಗಿಯೇ ಇದ್ದರು. ಆಮೇಲೆ ಅವನು ಏನಾದನೆಂದು ಮೇಷ್ಟ್ರಿಗೆ ತಿಳಿಯಲೇ ಇಲ್ಲ. ಯುದ್ಧ ಮುಗಿದ ಮೇಲೆ ಹುಡುಕಿದರಂತೆ...

ಯಾರ ಮಾತನ್ನೂ ಪರೀಕ್ಷಿಸದೆ ನಂಬುವ ಸ್ವಭಾವ ನನ್ನದಲ್ಲ. ಮೇಷ್ಟ್ರ ಮಾತನ್ನೂ ಹಾಗೆ ನಂಬಲಿಲ್ಲ. ಕಾಲೇಜಿನ ಮೆಟ್ಟಿಲು ಹತ್ತದವನಾದ್ದರಿಂದ ಹಳೆಯ ಪುಸ್ತಕದಂಗಡಿಗಳೇ ನನ್ನ ಕಾಲೇಜು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಜರ್ಮನ್ ಅಕ್ಷರಗಳನ್ನು ಕೂಡಿಸಿ ಓದಿದೆ. ಹೊಸ ಲೀಗುಗಳು ಹುಟ್ಟಿದ ವರ್ಷವೇ ಕಾರ್ಮಿಕರ ಕ್ರೀಡಾಸಂಘಗಳನ್ನು ನಿಷೇಧಿಸಿದ್ದರು. ಕೆಲವು ಕ್ಲಬ್ಬುಗಳಂತೂ ಆಜ್ಞೆ ಬರುವವರೆಗೂ ಕಾಯದೆ, ತಾವೇ ಮುಂದಾಗಿ ಯಹೂದಿ ಸದಸ್ಯರನ್ನು ಹೊರಹಾಕಿದ್ದವು. ಮುಂದೆ ಯುದ್ಧ ಬಂದು ಆಟಗಾರರು ರಣರಂಗಕ್ಕೆ ಹೋದಾಗ, ಎರಡು ಕ್ಲಬ್ಬುಗಳ ಅಳಿದುಳಿದವರನ್ನು ಸೇರಿಸಿ ಒಂದು ತಂಡ ಮಾಡಿ ಆಡಿಸಿದರು. ಇಷ್ಟೆಲ್ಲದರ ನಡುವೆಯೂ ಅಂಕಪಟ್ಟಿಗಳು ವರ್ಷದಿಂದ ವರ್ಷಕ್ಕೆ ಅಚ್ಚುಕಟ್ಟಾಗಿವೆ. ಅಂಕಪಟ್ಟಿ ಸುಳ್ಳು ಹೇಳುವುದಿಲ್ಲ. ಆದರೆ ಇಲ್ಲದವರಿಗೆ ಅದರಲ್ಲಿ ಜಾಗವೂ ಇರುವುದಿಲ್ಲ.

ಒಪ್ಪಂದ ಮುಗಿದು ಮೇಷ್ಟ್ರು ತಮ್ಮ ದೇಶಕ್ಕೆ ಮರಳಿದರು. ಕೆಲವು ವರ್ಷ ಹಬ್ಬಕ್ಕೊಂದು ಕಾರ್ಡು ಬರುತ್ತಿತ್ತು. ಒಂದು ವರ್ಷ ಬರಲಿಲ್ಲ. ಮರುವರ್ಷ ಅವರ ತಂಗಿ ಬರೆದರು, ಎರಡೇ ಸಾಲು... ನಾವು ಆಡಿದ ಮೈದಾನವೂ ಈಗ ಇಲ್ಲ. ಅಲ್ಲೊಂದು ಅಪಾರ್ಟ್‌ಮೆಂಟು ಎದ್ದಿದೆ. ಗೋಲಿನ ಕಂಬ ಇದ್ದ ಜಾಗದಲ್ಲಿ ಕಾರುಗಳು ನಿಲ್ಲುತ್ತವೆ.

ಬಹುಮಾನ ವಿತರಣೆ ಮುಗಿದ ಮೇಲೆ ನಾನು ಆ ಅತಿಥಿಯನ್ನು ತಡೆದು ನಿಲ್ಲಿಸಿ ಇದನ್ನೆಲ್ಲ ಹೇಳಿದೆ. "ಅಂಕಲ್, ನಾನು ಓದಿದ್ರಲ್ಲಿ ಇದೆಲ್ಲ ಇರ್ಲಿಲ್ಲ" ಎಂದರು. "ಓದಿದ್ದು ಸಾಕು, ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಬನ್ನಿ" ಎಂದೆ. ಬರಲಾರರೆಂದೇ ಎಣಿಸಿದ್ದೆ, ಬಂದರು.

ಆ ಹೆಣ್ಣುಮಕ್ಕಳಿಗೆ ಆಟ ಹೇಳಿಕೊಡುವವರು ಖಾದರ್ ಸಾಹೇಬರೇ. ಅಂದು ಹುಡುಗಿಯರು ಸಾಲಾಗಿ ನಿಂತು ಒಬ್ಬೊಬ್ಬರಾಗಿ ಪಕ್ಕದವಳ ಹೆಸರು ಹೇಳತೊಡಗಿದರು. ಏನೆಂದು ತಿಳಿಯದೆ ಅತಿಥಿಯೂ ಹೋಗಿ ಸಾಲಿನ ನಡುವೆ ಸೇರಿಕೊಂಡರು. ನನ್ನ ಮೊಮ್ಮಗಳು ತನ್ನ ಎಡಕ್ಕೆ ತಿರುಗಿದವಳು ಅವರನ್ನು ಕಂಡು ತಡೆದಳು. "ಅಂಕಲ್, ನಿಮ್ಮ ಹೆಸ್ರೇನು? ಗೊತ್ತಿಲ್ದೆ ಆಟ ಶುರು ಮಾಡೋ ಹಾಗಿಲ್ಲ." ಅವರು ಹೇಳಿದರು. ಅವಳು ಅದನ್ನು ಮೈದಾನಕ್ಕೆಲ್ಲ ಕೇಳುವಂತೆ ಕೂಗಿದಳು. ಆಮೇಲೆ ಅವರೂ ತಮ್ಮ ಪಕ್ಕದವಳ ಹೆಸರು ಕೇಳಿಕೊಂಡು, ಸ್ವಲ್ಪ ನಾಚುತ್ತಲೇ ಹೇಳಿದರು.

ಎಡತುದಿಯಲ್ಲಿ ನಿಲ್ಲುವವರು ಖಾದರ್. ಖಾಲಿ ಜಾಗದ ಕಡೆ ತಿರುಗಿ ಅವರು ಎರಡು ಹೆಸರು ಹೇಳುತ್ತಾರೆ. ಒಂದು, ಎಲ್ಲಿ ಹೋದನೆಂದು ಗೊತ್ತಾಗದ ಆ ರೈಟ್ ವಿಂಗಿನವನದು. ಇನ್ನೊಂದು ನಮ್ಮ ಮೇಷ್ಟ್ರದು. ಆ ಎರಡನ್ನೂ ನಾನು ಇಲ್ಲಿ ಬರೆದಿಲ್ಲ, ಬರೆಯುವುದೂ ಇಲ್ಲ. ನನ್ನ ಮಾತಿನಲ್ಲಿ ಅನುಮಾನವಿದ್ದವರು ಯಾವ ಭಾನುವಾರವಾದರೂ ಕೆಂಪಾಪುರದ ಮೈದಾನಕ್ಕೆ ಬಂದು ಅವರ ಬಾಯಿಂದಲೇ ಕೇಳಬಹುದು. ಸಾಲಿನಲ್ಲಿ ಜಾಗ ಇದ್ದೇ ಇರುತ್ತದೆ.